ಅಟ್ಟದ ವೀಣೆ ಮತ್ತೆ ತೊಡೆಗೆ: ಬಿಟ್ಟುಹೋದ ಅಭ್ಯಾಸ ಹಿಡಿಯುವುದು ಹೇಗೆ?

“ಮೇಡಂ, ಮದುವೆಗೆ ಮುಂಚೆ ವೀಣೆಯ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ವೀಣೆ ಮುಟ್ಟಿ ಹನ್ನೆರಡು ವರ್ಷ ಆಯ್ತು. ಮತ್ತೆ ನುಡಿಸಬೇಕು ಅಂತ ಆಸೆ ಇದೆ, ಆದ್ರೆ ಮನಸ್ಸೇ ಏಳ್ತಿಲ್ಲ. ಏನು ಮಾಡ್ಲಿ?”

ವೀಣೆ ಹೇಳಿಕೊಡುವ ನನಗೆ ಈ ಪ್ರಶ್ನೆ ಬರದ ತಿಂಗಳಿಲ್ಲ. ಕೇಳುವವರಲ್ಲಿ ಬ್ಯಾಂಕಿನವರು ಇದ್ದಾರೆ, ರಿಟೈರ್ ಆದವರು ಇದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗರೂ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ವೀಣೆಯವು. ಪಿಟೀಲು, ಕೊಳಲು, ಹಾರ್ಮೋನಿಯಂ ಬಿಟ್ಟವರಿಗೂ ಮೂರನೇ ಹಂತದಿಂದ ಮುಂದಿನದು ಹೆಚ್ಚು ಕಡಿಮೆ ಹಾಗೇ ಹೊಂದುತ್ತದೆ.

ಮೊದಲೇ ಒಂದು ಮಾತು. ಮನಸ್ಸು ಬರಲಿ, ಆಮೇಲೆ ವೀಣೆ ಇಳಿಸೋಣ ಅಂತ ಕಾಯಬೇಡಿ. ನಾನು ನೋಡಿದ ಹಾಗೆ ಮನಸ್ಸು ಕೊನೆಗೆ ಬರುತ್ತದೆ. ಮೊದಲು ವೀಣೆ ಸರಿಯಾಗಬೇಕು, ಆಮೇಲೆ ಕೈ ಸ್ವಲ್ಪ ತಿರುಗಬೇಕು. ಅಷ್ಟು ಹೊತ್ತಿಗೆ “ಇವತ್ತು ಕೂತಿಲ್ಲವಲ್ಲ” ಅಂತ ತಾನಾಗಿ ನೆನಪಾಗಲು ಶುರುವಾಗುತ್ತದೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

ಶುರು ಮಾಡುವ ಮುಂಚೆ: ಬಿಟ್ಟಿದ್ದು ಯಾಕೆ?

ಇದನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಿಮ್ಮನ್ನು ಬೈದುಕೊಳ್ಳುವುದಕ್ಕಲ್ಲ. ಕಾರಣ ಬೇರೆಯಾದರೆ ಹಿಡಿಯುವ ದಾರಿಯೂ ಬೇರೆ.

ಹೊತ್ತು ಸಿಗದೆ ಬಿಟ್ಟವರೇ ಜಾಸ್ತಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಕೆಲಸ, ಹೆರಿಗೆ, ಮನೆಯಲ್ಲಿ ಹಿರಿಯರ ಕಾಯಿಲೆ. ಇವರಿಗೆ ಪ್ರೀತಿ ಹೋಗಿರುವುದಿಲ್ಲ, ಅಭ್ಯಾಸ ಮಾತ್ರ ತಪ್ಪಿರುತ್ತದೆ. ಮೂರನೇ ಹಂತ ಇವರಿಗೆ ಮುಖ್ಯ.

ಪರೀಕ್ಷೆಯಿಂದ ಸುಸ್ತಾಗಿ ಬಿಟ್ಟವರದು ಇನ್ನೊಂದು ಗುಂಪು. ಜೂನಿಯರ್, ಸೀನಿಯರ್, ವಿದ್ವತ್ ಅಂತ ನಮ್ಮಲ್ಲಿ ಪರೀಕ್ಷೆಗಳಿವೆ. ಪಠ್ಯದ ಅವೇ ಕೃತಿಗಳನ್ನು ತಿಂಗಳುಗಟ್ಟಲೆ ತಿಕ್ಕಿ, ಪರೀಕ್ಷೆಯ ಮರುದಿನ ವೀಣೆ ಮುಚ್ಚಿಟ್ಟವರು ಎಷ್ಟೋ ಮಂದಿ. ಇವರಿಗೆ ನಾನು ಹೇಳುವುದು ಇಷ್ಟೇ: ಆರು ತಿಂಗಳು ಆ ಪಟ್ಟಿಯ ಒಂದೇ ಒಂದು ಕೃತಿಯನ್ನೂ ತೆಗೆಯಬೇಡಿ.

ಪಾಠದಲ್ಲಿ ಎಲ್ಲರೆದುರು ಬೈಸಿಕೊಂಡು, ಮನಸ್ಸು ಮುರಿದು ಬಿಟ್ಟವರೂ ಇದ್ದಾರೆ. ಆ ನೋವು ಸಣ್ಣದಲ್ಲ. ಆದರೆ ಅದು ವೀಣೆ ಮಾಡಿದ್ದಲ್ಲ. ನೀವು ಹಂತ ಏಳಕ್ಕೆ (ಗುರುಗಳ ಹತ್ತಿರ ಹೋಗುವುದಕ್ಕೆ) ಅವಸರ ಮಾಡಬೇಡಿ, ಮೊದಲು ಒಬ್ಬರೇ ಇದ್ದಾಗ ನುಡಿಸಿ.

ಇನ್ನು ಎರಡು ಕಾರಣಗಳಿಗೆ ಈ ಲೇಖನ ಸಾಲದು. ನುಡಿಸುವಾಗ ಬೆರಳು ಜೋಮು ಹಿಡಿಯುತ್ತಿತ್ತು, ಮಣಿಕಟ್ಟು ನೋಯುತ್ತಿತ್ತು ಅಂತ ಬಿಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ವೀಣೆ ಮಾತ್ರ ಅಲ್ಲ, ಊಟ, ನಿದ್ದೆ, ಮಾತುಕತೆ ಯಾವುದರಲ್ಲೂ ವಾರಗಟ್ಟಲೆ ಆಸಕ್ತಿ ಇಲ್ಲ ಅನ್ನಿಸುತ್ತಿದ್ದರೆ ಅದು ಸೋಮಾರಿತನ ಅಲ್ಲ. ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವೀಣೆ ಆಮೇಲೆ ನೋಡಿಕೊಳ್ಳೋಣ.

ಏನೇನು ಬೇಕು

ಒಂದು ಸೆಟ್ ಹೊಸ ತಂತಿ. ಒಣ ಹತ್ತಿ ಬಟ್ಟೆ. ಸ್ವಲ್ಪ ಕೊಬ್ಬರಿ ಎಣ್ಣೆ. ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿ, ಇಲ್ಲದಿದ್ದರೆ ಫೋನಿನಲ್ಲಿ ತಂಬೂರಿ ಆ್ಯಪ್. ಗೋಡೆಯ ಕ್ಯಾಲೆಂಡರ್, ಒಂದು ಪೆನ್ನು. ಹೊಸ ವೀಣೆ ಬೇಡ. “ಹಳೇದು ಸರಿ ಇಲ್ಲ, ಹೊಸದು ತಗೊಂಡ್ರೆ ಹುರುಪು ಬರುತ್ತೆ” ಅಂತ ಸಾಲ ಮಾಡಿ ತಂದವರನ್ನು ನೋಡಿದ್ದೇನೆ. ಆ ಹುರುಪು ಎರಡು ತಿಂಗಳೂ ನಿಲ್ಲಲಿಲ್ಲ.

ಹಂತ 1: ವೀಣೆ ಇಳಿಸಿ, ಹಗಲು ಬೆಳಕಿನಲ್ಲಿ ನೋಡಿ

ಗವಸು ಬಿಚ್ಚಿದ ಕೂಡಲೇ ನುಡಿಸಲು ಹೋಗಬೇಡಿ. ಹೀಗೆ ಹೋದವರು ಐದು ನಿಮಿಷದಲ್ಲಿ ಬೇಜಾರಾಗಿ ಮತ್ತೆ ಮುಚ್ಚಿಡುತ್ತಾರೆ. ತುಕ್ಕು ಹಿಡಿದ ತಂತಿ, ಜಾರುವ ಬಿರಡೆ (ತಂತಿ ಬಿಗಿ ಮಾಡುವ ಮರದ ಗೂಟ) ಇಟ್ಟುಕೊಂಡು ಯಾವ ವಿದ್ವಾಂಸರು ನುಡಿಸಿದರೂ ಕೇಳಲಾಗುವುದಿಲ್ಲ. ತಪ್ಪು ವೀಣೆಯದ್ದು. ನಾವು ನಮ್ಮ ಕೈಯನ್ನು ದೂರುತ್ತೇವೆ.

ಚಾಪೆ ಹಾಸಿ, ಕಿಟಕಿ ಹತ್ತಿರ ವೀಣೆ ಮಲಗಿಸಿ. ಇಷ್ಟನ್ನು ನೋಡಿ.

ಕೊಡ (ಬಲಗಡೆಯ ದೊಡ್ಡ ಮರದ ಬುರುಡೆ) ಮತ್ತು ದಂಡಿ (ಮೆಟ್ಟಿಲುಗಳಿರುವ ಉದ್ದದ ಭಾಗ) ಸೇರುವ ಜಾಗದಲ್ಲಿ ಬಿರುಕು ಬಿಟ್ಟಿದೆಯಾ? ಉಗುರಿನಿಂದ ಗೀಚಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕಿದ್ದರೆ ಅಂಗಡಿಗೇ ಒಯ್ಯಬೇಕು.

ಮೇಣ ಹೇಗಿದೆ? ವೀಣೆಯ 24 ಮೆಟ್ಟಿಲುಗಳು (ಬೆರಳಿಟ್ಟು ಒತ್ತುವ ಲೋಹದ ಪಟ್ಟಿಗಳು) ಕೂತಿರುವುದು ಕಪ್ಪು ಮೇಣದ ಮೇಲೆ. ವರ್ಷಗಟ್ಟಲೆ ಬಿಟ್ಟರೆ ಮೇಣ ಒಣಗಿ ಸೀಳುತ್ತದೆ, ಸೆಕೆಗೆ ಮೆತ್ತಗಾಗಿ ಮೆಟ್ಟಿಲು ಸರಿದಿರುತ್ತದೆ. ಒಂದೊಂದನ್ನೂ ಹಗುರವಾಗಿ ಮುಟ್ಟಿ ನೋಡಿ, ಅಲ್ಲಾಡಬಾರದು. ತಂತಿ ಶ್ರುತಿಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಸಾರಣಿ ತಂತಿಯನ್ನು (ನುಡಿಸುವ ನಾಲ್ಕು ತಂತಿಗಳಲ್ಲಿ ಮೊದಲನೆಯದು) ಬೆರಳೊತ್ತದೆ ಖಾಲಿ ಮೀಟಿ, ಆಮೇಲೆ 12ನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಎರಡೂ ಷಡ್ಜವೇ (ಸ), ಒಂದು ಕೆಳಗಿನದು, ಒಂದು ಮೇಲಿನದು. 7ನೇ ಮೆಟ್ಟಿಲು ಪಂಚಮ (ಪ). ಇವು ತಂಬೂರಿಗೆ ಸೇರದಿದ್ದರೆ ಮೆಟ್ಟಿಲು ಸರಿದಿದೆ ಅಂತ ಅರ್ಥ. ಆಗ ‘ಮೇಳ ಕಟ್ಟಿಸಬೇಕು’, ಅಂದರೆ ಹಳೆ ಮೇಣ ತೆಗೆದು ಹೊಸ ಮೇಣದಲ್ಲಿ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಬೇಕು. ಇದು ಕೈ ಪಳಗಿದವರ ಕೆಲಸ. ಮೈಸೂರಿನಲ್ಲಿ ವೀಣೆ ಮಾಡುವವರೇ ಇದ್ದಾರೆ, ಬೆಂಗಳೂರಿನವರು ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ವಿಚಾರಿಸಿ. ಎಷ್ಟಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎರಡನ್ನೂ ಮೊದಲೇ ಕೇಳಿಕೊಳ್ಳಿ.

ಎಚ್ಚರಿಕೆ: ಮಾಸಿದ ಮೆಟ್ಟಿಲುಗಳನ್ನು ಹುಣಸೆಹಣ್ಣು, ಪಾತ್ರೆ ಉಜ್ಜುವ ಪುಡಿ ಹಾಕಿ ಬೆಳಗಬೇಡಿ. ನೀರು, ಪುಡಿ ಮೇಣದ ಸಂದಿಗೆ ಇಳಿಯುತ್ತದೆ. ಒಣ ಬಟ್ಟೆ ಸಾಕು. ವೀಣೆಯನ್ನು ಬಿಸಿಲಿಗೂ ಇಡಬೇಡಿ, ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಬಿಡಬೇಡಿ. ಮೇಣ ಕರಗಿದರೆ ಒಂದೇ ದಿನದಲ್ಲಿ ಮೆಟ್ಟಿಲುಗಳ ಸಾಲು ಹಾಳು.

ಹಂತ 2: ಏಳೂ ತಂತಿ ಬದಲಿಸಿ, ಶ್ರುತಿ ಮಾಡಿ

ವರ್ಷಕ್ಕಿಂತ ಜಾಸ್ತಿ ಮುಟ್ಟದ ವೀಣೆಯಾದರೆ ಎಲ್ಲಾ ತಂತಿ ಬದಲಿಸುವುದೇ ಒಳ್ಳೆಯದು. ತಂತಿಯ ಮೇಲೆ ಬೆರಳೆಳೆದರೆ ಕಂದು ಬಣ್ಣ ಅಂಟುತ್ತದಾ? ತುಕ್ಕು ಅದು. ಬಿಗಿ ಮಾಡುವಾಗ ಪಟ್ ಅಂತ ತುಂಡಾಗುತ್ತದೆ. ಮುಖವನ್ನು ತಂತಿಯಿಂದ ದೂರ ಇಟ್ಟುಕೊಂಡೇ ಬಿರಡೆ ತಿರುಗಿಸಿ. ಒಂದು ತೆಗೆದು, ಅದರ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ. ಏಳನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ (ತಂತಿ ಹಾದುಹೋಗುವ ಆಸರೆ) ಜಾಗ ಬಿಟ್ಟು ಸರಿಯಬಹುದು.

ಕ್ರಮ ಮರೆತಿದ್ದರೆ ಇಲ್ಲಿದೆ. ಸಾರಣಿ ಮಧ್ಯ ಷಡ್ಜ, ಎರಡನೆಯದು ಅದರ ಕೆಳಗಿನ ಪಂಚಮ, ಮೂರನೆಯದು ಮಂದ್ರ (ಕೆಳಗಿನ) ಷಡ್ಜ, ನಾಲ್ಕನೆಯದು ಅನುಮಂದ್ರ, ಅದು ಇನ್ನೂ ಕೆಳಗಿನ ಪಂಚಮ. ಪಕ್ಕದ ಮೂರು ತಾಳದ ತಂತಿಗಳು (ತಾಳದ ಎಣಿಕೆಗೆ ಮೀಟುವವು) ಷಡ್ಜ, ಪಂಚಮ, ಮೇಲಿನ ಷಡ್ಜ.

ಬಿರಡೆ ಜಾರುತ್ತಿದ್ದರೆ ಹೊರಗೆ ತೆಗೆದು ಸೀಮೆಸುಣ್ಣ ಸವರಿ, ಒಳಕ್ಕೆ ಒತ್ತುತ್ತಾ ತಿರುಗಿಸಿ. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಬಿಗಿಯಾಗಿರುತ್ತದೆ. ಆಗ ಇಕ್ಕಳ ಹಾಕಬೇಡಿ, ಬಿರಡೆಯ ಕಿವಿ ಮುರಿಯುತ್ತದೆ. ಒಣ ಜಾಗದಲ್ಲಿ ಎರಡು ದಿನ ಬಿಟ್ಟು ನೋಡಿ.

ಹೊಸ ತಂತಿ ಮೂರು ನಾಲ್ಕು ದಿನ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಸೇರಿಸಿದ್ದು ಸಂಜೆಗೆ ಸಡಿಲ. ಇದಕ್ಕೆ ಬೇಸರ ಪಟ್ಟುಕೊಳ್ಳಬೇಡಿ. ಈ ನಾಲ್ಕು ದಿನ ನುಡಿಸಲೇಬೇಡಿ. ದಿನಕ್ಕೆರಡು ಸಲ ಶ್ರುತಿ ಸೇರಿಸಿ, ಖಾಲಿ ತಂತಿ ಮೀಟಿ, ತಂಬೂರಿ ಜೊತೆ ಕೇಳಿ, ಎದ್ದುಬಿಡಿ. ಪಂಚಮ ತಂಬೂರಿಗೆ ಸೇರುವ ಆ ಒಂದು ಕ್ಷಣದಲ್ಲಿ ಕೊಡದ ಮರ ತೊಡೆಗೆ ತಾಗಿದಲ್ಲೆಲ್ಲ ಸಣ್ಣಗೆ ನಡುಗುತ್ತದೆ. ಹಿಂದಿರುಗಿ ಬಂದವರಲ್ಲಿ ಎಷ್ಟೋ ಮಂದಿಗೆ ಕಣ್ಣು ತುಂಬಿದ್ದು ಅಲ್ಲೇ. ಇನ್ನೂ ಒಂದು ಸ್ವರವನ್ನೂ ನುಡಿಸಿರಲಿಲ್ಲ.

ಹಂತ 3: ಜಾಗ ಮತ್ತು ಹೊತ್ತು

ವೀಣೆ ಗವಸಿನಲ್ಲಿ, ಗವಸು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಅಟ್ಟದ ಮೇಲೆ. ಹೀಗಿದ್ದರೆ ಹತ್ತು ನಿಮಿಷ ನುಡಿಸುವುದಕ್ಕೆ ಇಪ್ಪತ್ತು ನಿಮಿಷದ ತಯಾರಿ ಬೇಕು. ಯಾರೂ ದಿನಾ ಮಾಡಲ್ಲ. ಹಾಲಿನ ಅಥವಾ ರೂಮಿನ ಒಂದು ಮೂಲೆ ಬಿಡಿಸಿಕೊಳ್ಳಿ. ಚಾಪೆ ಹಾಸಿಯೇ ಇರಲಿ. ವೀಣೆ ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿದರೆ ಸಾಕು. ಮಕ್ಕಳು ಓಡಾಡುವ ದಾರಿ ಬೇಡ, ಕಿಟಕಿಯ ನೇರ ಬಿಸಿಲೂ ಬೇಡ.

ಕೆಲವು ಮನೆಗಳಲ್ಲಿ ವೀಣೆ ದೇವರ ಮನೆಯಲ್ಲಿರುತ್ತದೆ. ಸ್ನಾನ ಮಾಡದೆ ಮುಟ್ಟುವ ಹಾಗಿಲ್ಲ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಕುಂಕುಮ ಹಚ್ಚಿ, ಹೂ ಇಟ್ಟು, ವಿಜಯದಶಮಿಯ ದಿನ ಒಮ್ಮೆ ಮೀಟಿ ಮತ್ತೆ ಒಳಗಿಡುತ್ತಾರೆ. ಆ ಭಕ್ತಿಯ ಬಗ್ಗೆ ನನಗೆ ಗೌರವ ಇದೆ, ನನ್ನ ಮನೆಯಲ್ಲೂ ಪೂಜೆ ಮಾಡುತ್ತೇನೆ. ಆದರೆ ಆಫೀಸಿನಿಂದ ಬಂದು ಏಳು ಗಂಟೆಗೆ ಕೂರಬೇಕಾದವರಿಗೆ ಈ ನಿಯಮ ಅಡ್ಡ ಬರುತ್ತದೆ. ಮನೆಯವರ ಜೊತೆ ಮಾತಾಡಿ ಹೊರಗೆ ತನ್ನಿ. ಕೈಕಾಲು ತೊಳೆದು, ನಮಸ್ಕಾರ ಮಾಡಿ ಕೂತರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. “ಬರೋ ವಿಜಯದಶಮಿಗೆ ಶುರು ಮಾಡ್ತೀನಿ” ಅಂತ ಫೆಬ್ರವರಿಯಲ್ಲಿ ಹೇಳುವುದೂ ಬೇಡ.

ಹೊತ್ತಿನ ವಿಷಯ. “ಬಿಡುವಾದಾಗ” ಅಂದರೆ ಆಗುವುದಿಲ್ಲ. ದಿನಾ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಕಟ್ಟಿ. ಸಂಜೆ ದೀಪ ಹಚ್ಚಿದ ಕೂಡಲೇ, ಇಲ್ಲವೇ ಮಕ್ಕಳ ಸ್ಕೂಲ್ ವ್ಯಾನ್ ಹೋದ ಕೂಡಲೇ. ವೀಣೆಯ ದನಿ ಮೆತ್ತಗಿರುತ್ತದೆ, ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಒಂಬತ್ತಕ್ಕೂ ಪಕ್ಕದ ಮನೆಯವರಿಗೆ ತೊಂದರೆ ಆಗಲ್ಲ. ನುಡಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ದಿನ ತಪ್ಪಿದರೆ ಪರವಾಗಿಲ್ಲ, ಸತತ ಎರಡು ದಿನ ತಪ್ಪಬಾರದು. ಊರಿಗೆ ಹೋದರೆ, ಮುಟ್ಟಬಾರದ ದಿನ ಅಂತ ಮನೆಯಲ್ಲಿ ಪದ್ಧತಿ ಇದ್ದರೆ, ಅವತ್ತು ತಂಬೂರಿ ಹಾಕಿಕೊಂಡು ಅದೇ ಪಾಠವನ್ನು ಬಾಯಲ್ಲಿ ಹಾಡಿ. ಅದಕ್ಕೂ ಗುರುತು ಹಾಕಿ.

ಹಂತ 4: ಮೊದಲ ಎರಡು ವಾರ, ಹತ್ತೇ ನಿಮಿಷ

ಇಷ್ಟವಾದರೂ ಹತ್ತಕ್ಕೆ ನಿಲ್ಲಿಸಿ. ಮೊದಲ ದಿನ ಒಂದೂವರೆ ಗಂಟೆ ಕೂತು, ಬೆರಳ ತುದಿ ಬೊಬ್ಬೆ ಎದ್ದು, ಒಂದು ವಾರ ಮುಟ್ಟಲಾರದೆ ಅಲ್ಲಿಗೇ ಬಿಟ್ಟವರು ತುಂಬಾ ಜನ. ಎಡಗೈಯ ತೋರುಬೆರಳು, ನಡುಬೆರಳ ತುದಿಯಲ್ಲಿ ಮೊದಲಿದ್ದ ಗಟ್ಟಿ ಚರ್ಮ ಈಗ ಇಲ್ಲ. ಅದು ನಿಧಾನವಾಗಿಯೇ ಬರಬೇಕು. ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ತಂತಿಯ ಮೇಲೆ ಜಾರುವುದು ಸುಲಭ.

ಏನು ನುಡಿಸಬೇಕು? ಸರಳೆ ವರಸೆ, ಅಂದರೆ ಕಲಿಯುವಾಗಿನ ಮೊದಲ ಸ್ವರದ ಪಾಠ. ಹೌದು, ವಿದ್ವತ್ ಮಾಡಿದವರಿಗೂ ಇದೇ ಹೇಳುತ್ತೇನೆ. ಆ ಪಾಠದ ರಾಗ ಮಾಯಾಮಾಳವಗೌಳ ನಿಮಗೆ ನೆನಪಿರುತ್ತದೆ: ಖಾಲಿ ತಂತಿ ಸ, 1ನೇ ಮೆಟ್ಟಿಲು ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಒಂದರಿಂದ ನಾಲ್ಕಕ್ಕೆ ದೂರ ಜಾಸ್ತಿ. ಬೆರಳನ್ನು ಹಿಗ್ಗಿಸಬೇಡಿ, ಇಡೀ ಕೈಯನ್ನು ಸರಿಸಿ.

ಸೆಕೆಂಡಿಗೆ ಒಂದು ಸ್ವರದ ಲೆಕ್ಕದಲ್ಲಿ ಮೊದಲ ವರಸೆ ಒಂದನೇ ಕಾಲದಲ್ಲಿ (ಕಾಲ ಅಂದರೆ ವೇಗ, ಪ್ರತಿ ಕಾಲಕ್ಕೂ ಇಮ್ಮಡಿ) 16 ಸೆಕೆಂಡು, ಅಂದರೆ ಆದಿತಾಳದ ಎರಡು ಆವರ್ತ (ಎಂಟು ಎಣಿಕೆಯ ಒಂದು ಸುತ್ತು ಒಂದು ಆವರ್ತ). ಎರಡನೇ ಕಾಲದಲ್ಲಿ ಒಂದು ಆವರ್ತ. ಮೂರನೇ ಕಾಲದಲ್ಲಿ ಎರಡು ಸಲ ನುಡಿಸಿದರೆ ಒಂದು ಆವರ್ತ. ಮೂರೂ ಕಾಲ ಸೇರಿ ಬರೀ 32 ಸೆಕೆಂಡು. ಹತ್ತು ನಿಮಿಷದಲ್ಲಿ ಎರಡು ನಿಮಿಷ ಶ್ರುತಿ ಸೇರಿಸುವುದಕ್ಕೆ ಹೋಗಲಿ. ಉಳಿದದ್ದರಲ್ಲಿ ನಾಲ್ಕೈದು ವರಸೆ ಆರಾಮಾಗಿ ಆಗುತ್ತದೆ. ಮೊದಲ ವಾರ ಮೂರನೇ ಕಾಲ ಬೇಡ. ಬಲಗೈಯ ಕಿರುಬೆರಳು ತಾಳದ ತಂತಿಯನ್ನು ಎಣಿಕೆಗೆ ಸರಿಯಾಗಿ ಮೀಟುತ್ತಿದೆಯಾ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಂಚೆ ಮರೆತುಹೋಗುವುದು ಅದೇ.

ಬೆರಳ ತುದಿ ಉರಿಯುವುದು ಸಹಜ. ಚರ್ಮ ಒಡೆದರೆ ಒಂದೆರಡು ದಿನ ಬಿಡಿ. ಮೊಣಕಾಲು ನೋಯುವವರು ತೆಳು ದಿಂಬಿನ ಮೇಲೆ ಕೂರಿ.

ಮೊದಲ ದಿನ ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಿ. ಕೇಳಬೇಡಿ. ಮೂವತ್ತನೇ ದಿನ ಅದೇ ವರಸೆ ಮತ್ತೆ ರೆಕಾರ್ಡ್ ಮಾಡಿ, ಆಗ ಎರಡನ್ನೂ ಕೇಳಿ.

ಹಂತ 5: ಮೂರನೇ ವಾರ ದಾಟುವುದು

ಇದೇ ಕಷ್ಟದ ಜಾಗ. ಎರಡನೇ ಸಲ ಬಿಡುವವರೆಲ್ಲ ಹೆಚ್ಚಾಗಿ ಇಲ್ಲೇ ಬಿಡುತ್ತಾರೆ. ಕಾರಣ ಗೊತ್ತಿದ್ದರೆ ದಾಟಬಹುದು.

ನೀವು ನುಡಿಸದೆ ಇದ್ದ ಹತ್ತು ಹದಿನೈದು ವರ್ಷ ಕಿವಿ ಸುಮ್ನೆ ಕೂತಿರಲಿಲ್ಲ. ಕಚೇರಿ ಕೇಳಿದ್ದೀರಿ, ರೇಡಿಯೋ ಕೇಳಿದ್ದೀರಿ, ಮೊಬೈಲಿನಲ್ಲಿ ಕೇಳಿದ್ದೀರಿ. ಕಿವಿ ಬೆಳೆದಿದೆ. ಬೆರಳು ಮಾತ್ರ ಹಿಂದೆ ಉಳಿದಿದೆ. ಹೊಸದಾಗಿ ಕಲಿಯುವ ಹುಡುಗಿಗೆ ತನ್ನ ಅಪಸ್ವರ ಅಷ್ಟಾಗಿ ಗೊತ್ತಾಗುವುದಿಲ್ಲ, ಖುಷಿಯಾಗಿ ನುಡಿಸುತ್ತಾಳೆ. ನಿಮಗೆ ಪ್ರತಿಯೊಂದೂ ಗೊತ್ತಾಗುತ್ತದೆ. ಅದಕ್ಕೇ ಹೊಸಬರಿಗಿಂತ ಮರಳಿ ಬಂದವರಿಗೆ ನೋವು ಜಾಸ್ತಿ.

ಮಗಳು ಹುಟ್ಟಿದ ಮೇಲೆ ನನಗೂ ಎರಡು ವರ್ಷ ತಪ್ಪಿತ್ತು. ಮತ್ತೆ ಕೂತಾಗ ಶಂಕರಾಭರಣ ರಾಗದ ಮಧ್ಯಮ (ಮ) ಬರಲಿಲ್ಲ. ಮಧ್ಯಮದ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಪಂಚಮದ ಹತ್ತಿರ ಹೋಗಿ ಬರಬೇಕು. ಬೆರಳಿಗೆ ಅಷ್ಟು ಕಸುವಿರಲಿಲ್ಲ. ಪ್ರತಿ ಸಲ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಿತ್ತು. ಇಪ್ಪತ್ತು ಸಲ ಮಾಡಿ ವೀಣೆ ಕೆಳಗಿಟ್ಟೆ. ಆಮೇಲೆ ಆರು ವಾರ ಶಂಕರಾಭರಣ ಮುಟ್ಟಲಿಲ್ಲ, ಅಲಂಕಾರ (ತಾಳಕ್ಕೆ ಕಟ್ಟಿದ ಸ್ವರದ ಪಾಠ) ಮಾತ್ರ ನುಡಿಸಿದೆ. ಏಳನೇ ವಾರ ಅದು ತಾನಾಗಿ ಬಂತು.

ಹಾಗಾಗಿ ಈ ವಾರಗಳಲ್ಲಿ ಗಮಕ (ಸ್ವರವನ್ನು ಎಳೆದು, ತೂಗಿ ನುಡಿಸುವುದು) ಜಾಸ್ತಿ ಬೇಕಾದ ರಾಗಗಳನ್ನು ದೂರ ಇಡಿ. ತೋಡಿ, ಭೈರವಿ, ಶಂಕರಾಭರಣ ಈಗ ಬೇಡ. ಜಂಟಿ ವರಸೆ (ಸ್ವರಗಳನ್ನು ಜೋಡಿಯಾಗಿ ನುಡಿಸುವ ಪಾಠ), ಅಲಂಕಾರಗಳನ್ನು ಸೇರಿಸಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಏರಿಸಿ. ಅಲಂಕಾರಗಳನ್ನು ಕಲ್ಯಾಣಿ, ಹರಿಕಾಂಭೋಜಿ ಸ್ವರಸ್ಥಾನಗಳಲ್ಲೂ ನುಡಿಸಿದರೆ ಬೇಜಾರಾಗದು.

ಇನ್ನೊಂದು ಎಚ್ಚರಿಕೆ. ದೊಡ್ಡವರ ವೀಣೆ ಕೇಳಲೇಬೇಕು. ಮೈಸೂರು ಬಾನಿಯವರಾದರೆ (ಬಾನಿ ಅಂದರೆ ನುಡಿಸುವ ಶೈಲಿ) ವಿ. ದೊರೆಸ್ವಾಮಿ ಅಯ್ಯಂಗಾರರ (1920–1997) ರೆಕಾರ್ಡಿಂಗ್ ಕೇಳಿ, ಆ ಮೀಟಿನ ಸ್ವಚ್ಛತೆಗೆ ಕಿವಿ ಕೊಡಿ. ಆದರೆ ನೀವು ನುಡಿಸಿ ಎದ್ದ ತಕ್ಷಣ ಕೇಳಬೇಡಿ. ಬೆಳಿಗ್ಗೆ ತಿಂಡಿ ಮಾಡುವಾಗ ಕೇಳಿ, ಸಂಜೆ ನೀವು ನುಡಿಸಿ. ಹತ್ತು ವರ್ಷದ ಮಕ್ಕಳು ಮಿಂಚಿನ ಹಾಗೆ ನುಡಿಸುವ ರೀಲ್ಸ್‌ಗಳನ್ನಂತೂ ಈ ತಿಂಗಳು ತೆರೆಯಲೇಬೇಡಿ.

ಹಂತ 6: ಒಂದೇ ಒಂದು ಹಾಡು

ಐದನೇ ವಾರದ ಹೊತ್ತಿಗೆ ಒಂದು ಹಾಡು ಆರಿಸಿ. ಮೋಹನ ಅಥವಾ ಹಂಸಧ್ವನಿಯ ಚಿಕ್ಕ ಕೃತಿ, ಒಂದು ದೇವರನಾಮ, ಇಲ್ಲವೇ ನಿಮ್ಮಮ್ಮ ಅಡುಗೆ ಮನೆಯಲ್ಲಿ ಗುನುಗುತ್ತಿದ್ದ ಭಾವಗೀತೆ. ಪಾಠದಲ್ಲಿ ಇರದಿದ್ದ ಹಾಡಾದರೆ ಇನ್ನೂ ಒಳ್ಳೆಯದು. ಅದರ ಜೊತೆ ಹಳೆಯ ತಪ್ಪು, ಹಳೆಯ ಬೈಗುಳ ಯಾವುದೂ ಅಂಟಿರುವುದಿಲ್ಲ.

ಮೊದಲು ಬಾಯಲ್ಲಿ ಹಾಡಿ, ಆಮೇಲೆ ಸ್ವರ ಹುಡುಕಿ, ಆಮೇಲೆ ವೀಣೆಗೆ ಬನ್ನಿ. ಪಲ್ಲವಿ ಒಂದನ್ನೇ ಒಂದು ವಾರ ಇಟ್ಟುಕೊಳ್ಳಿ. ಹಾಡಿನ ಸಾಹಿತ್ಯ ಎಲ್ಲಿ ಬರುತ್ತದೋ ಅಲ್ಲಿ ಮೀಟು ಬರಬೇಕು. ಅಕ್ಷರ ಎಳೆದಲ್ಲಿ ಮೀಟದೆ ಬೆರಳಿನಲ್ಲೇ ಸಾಗಬೇಕು. ಆಗಷ್ಟೇ ಕೇಳುವವರಿಗೆ ಮಾತು ಕೇಳಿದ ಹಾಗಾಗುತ್ತದೆ.

ಹಾಡು ಬಂದ ಮೇಲೆ ಮನೆಯ ಒಬ್ಬರೆದುರು ನುಡಿಸಿ. ಒಬ್ಬರು ಸಾಕು. ವಾಟ್ಸಾಪ್ ಗ್ರೂಪಿಗೆ ಈಗಲೇ ಹಾಕಬೇಡಿ. “ಸೂಪರ್” ಅಂತ ಬಂದರೂ ಏನೂ ಗೊತ್ತಾಗಲ್ಲ, ಯಾರೂ ಏನೂ ಹೇಳದಿದ್ದರೆ ಮನಸ್ಸಿಗೆ ಚುಚ್ಚುತ್ತದೆ.

ಹಂತ 7: ಗುರುಗಳ ಹತ್ತಿರ ಯಾವಾಗ?

ಎರಡು ಮೂರು ತಿಂಗಳು ತಪ್ಪದೆ ಕೂತ ಮೇಲೆ. ಅದಕ್ಕೆ ಮುಂಚೆ ಹೋದರೆ ಫೀಸು ಕೊಟ್ಟಿದ್ದೇನಲ್ಲ ಅನ್ನುವ ಒತ್ತಡದಲ್ಲಿ ಅಭ್ಯಾಸ ನಡೆಯುತ್ತದೆ, ಎರಡು ಪಾಠ ತಪ್ಪಿಸಿದರೆ ನಾಚಿಕೆಯಿಂದ ಪೂರ್ತಿ ನಿಲ್ಲುತ್ತದೆ. ಮೊದಲ ಗುರುಗಳೇ ಇದ್ದರೆ ಅವರಿಗೇ ಫೋನ್ ಮಾಡಿ. “ಇಷ್ಟು ವರ್ಷ ಎಲ್ಲಿ ಹೋಗಿದ್ದೆ” ಅಂತ ಬೈಯಬಹುದು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಪಾಠ ಹೇಳುವ ಜಾಗದಲ್ಲಿ ಕೂತು ಹೇಳುತ್ತಿದ್ದೇನೆ, ಬಿಟ್ಟುಹೋದ ಶಿಷ್ಯರ ಫೋನ್ ಬಂದ ದಿನ ನಮಗೆ ಹಬ್ಬ.

ಹೊಸ ಗುರುಗಳಾದರೆ ಮೂರು ವಿಷಯ ಮೊದಲೇ ಹೇಳಿ: ಎಷ್ಟು ವರ್ಷ ಬಿಟ್ಟಿದ್ದಿರಿ, ದಿನಕ್ಕೆ ಎಷ್ಟು ಹೊತ್ತು ಕೂರಲು ಆಗುತ್ತದೆ, ಪರೀಕ್ಷೆ ಬೇಕಾ ಬೇಡವಾ. ಬಾನಿ ಬೇರೆಯಾದರೆ ಬೆರಳಿಡುವ ಕ್ರಮ ಬದಲಾಗಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಸೇರಿ.

ಹೊರದೇಶದಲ್ಲಿರುವವರಿಗೆ

ಅಮೆರಿಕ, ಯುರೋಪಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಂಬಾ ಒಣಗಿರುತ್ತದೆ. ಬೀಟೆ ಮರವಾಗಲಿ ಹಲಸಾಗಲಿ ಬಿರಿಯುತ್ತದೆ, ಬಿರಡೆ ಸಡಿಲವಾಗಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ವೀಣೆಯನ್ನು ಹೀಟರಿನ ಗಾಳಿಯಿಂದ ದೂರ ಇಡಿ, ಆ ರೂಮಿನಲ್ಲಿ ಗಾಳಿಗೆ ತೇವ ಕೊಡುವ ಯಂತ್ರ ಹಾಕಿ. ಅಲ್ಲಿ ಮೇಳ ಕಟ್ಟುವವರು ಸಿಗುವುದು ಕಷ್ಟ, ಆದ್ದರಿಂದ ರಜೆಗೆ ಊರಿಗೆ ಬಂದಾಗಲೇ ಆ ಕೆಲಸ ಮುಗಿಸಿ. ಹೋಗುವಾಗ ಎರಡು ಸೆಟ್ ತಂತಿ ಜಾಸ್ತಿ ತಗೊಳ್ಳಿ. ವಿಮಾನಕ್ಕೆ ಕೊಡುವ ಮುಂಚೆ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಕುದುರೆ ಕೂತ ಜಾಗವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ ಸರಿದರೆ ಫೋಟೋ ನೋಡಿ ಅದೇ ಜಾಗಕ್ಕೆ ಇಡಬಹುದು.